ಪದಚರ್ಚೆ: ಹೊಲಿಗೆ ಮಿಷನ್ನಿನ ‘ಎಕ್ಸ್‌ಟೆನ್ಷನ್ ಟೇಬಲ್’ಗೆ ಏನನ್ನೋಣ? (ಸೋಮವಾರದೊಳಗೆ ಬೇಕು)

ಧಾರವಾಡದಿಂದ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ನಮ್ಮ ಹೊಲಿಗೆ ತರಗತಿಗೆ 6 ಕರೆಂಟ್ ಮಿಷನ್ ಬಂದಿವೆ. ಕೌದಿಗೆ (ಹಳೇ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹೊದಿಕೆ) ಮಿಷನ್ ಹೊಲಿಗೆ ಹಾಕುವುದನ್ನು ಕಲಿಸುತ್ತಿದ್ದೇವೆ. ಅದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ, ಸೋಮವಾರ ಅಚ್ಚಿಗೆ ಹೋಗಬೇಕು. ‘ಎಕ್ಸ್‌ಟೆನ್ಷನ್ ಟೇಬಲ್’ ಹತ್ತಿರ ಬಂದು ನಿಂತಿದ್ದೇನೆ.

ನೋಡದವರಿಗೆ ಹೇಳಿಬಿಡುತ್ತೇನೆ. ಕಾಲಲ್ಲಿ ತುಳಿಯುವ ಹಳೇ ಮಿಷನ್ ಮೇಜಿನೊಳಗೇ ಕೂತಿರುತ್ತದೆ. ಸೂಜಿ ಇಳಿಯುವ ಜಾಗವೂ ಮೇಜೂ ಒಂದೇ ಮಟ್ಟ. ಹೊಸದನ್ನು ಮೇಜಿನ ಮೇಲೆ ಇಡಬೇಕು, ಸೂಜಿ ಇಳಿಯುವ ಜಾಗ 3-4 ಇಂಚು ಎತ್ತರದಲ್ಲಿರುತ್ತದೆ. ರವಿಕೆ ತೋಳಿಗೆ ಅದು ಅನುಕೂಲ, ಕೌದಿಗೆ ಆಗದು. ಹಳೇ ಸೀರೆ, ಧೋತರ ನಾಲ್ಕೈದು ಪದರ ಸೇರಿದರೆ ಎಷ್ಟು ಭಾರ ಗೊತ್ತಲ್ವಾ? ಹೋದ ವಾರ ನಾನೇ ಹೊಲಿಯಲು ಕೂತೆ. ಅರ್ಧ ಕೌದಿ ಎಡಗಡೆ ಜೋತು ಬಿತ್ತು. ಅದರ ಭಾರಕ್ಕೆ ಬಟ್ಟೆ ಜಗ್ಗಿ ಹೊಲಿಗೆ ಒಂದು ಕಡೆ ಒತ್ತೊತ್ತು, ಇನ್ನೊಂದು ಕಡೆ ಉದ್ದುದ್ದ ಬಂತು. ಸೂಜಿ ಬಾಗಿ ಕೆಳಗಿನ ತಗಡಿಗೆ ಬಡಿದು ಟಕ್ ಅಂತ ಮುರಿಯಿತು. ಒಂದೇ ಮಧ್ಯಾಹ್ನ 3 ಸೂಜಿ ಹೋದವು.

ಇದಕ್ಕೇ ಆ ಟೇಬಲ್. ಮಿಷನ್ನಿನ ತೋಳಿನ (ಸೂಜಿಯ ಕೆಳಗೆ ಚಾಚಿರುವ ಭಾಗ) ಸುತ್ತ ಕೂರುವಂತೆ ಕೊರೆದ ಹಲಗೆ, ಅಡಿಗೆ ಗಿಡ್ಡ ಕಾಲುಗಳು. ಕಾಲು ತಿರುವಿ ಎತ್ತರ ಸರಿಮಾಡಬಹುದು. ನಮ್ಮದು 24 ಇಂಚು ಉದ್ದ, 18 ಇಂಚು ಅಗಲ. ಮೊದಲು ‘ವಿಸ್ತರಣಾ ಮೇಜು’ ಎಂದು ಬರೆದೆ. ಕಲಿಯಲು ಬಂದವರು ಓದಿ, ಕೋಣೆಯಲ್ಲಿದ್ದ ದೊಡ್ಡ ಮೇಜನ್ನು ಎಳೆದು ತಂದರು. ಬೇರೆ ಪದ ಕೊಡಿ, ದಯವಿಟ್ಟು. (ಬಟ್ಟೆಯನ್ನು ಅಡಿಯಿಂದ ಸರಿಸುವ ಫೀಡ್ ಡಾಗ್‌ಗೆ ‘ಹಲ್ಲು’ ಎಂದಿದ್ದೇನೆ. ಅದನ್ನು ಬದಲಿಸುವುದಿಲ್ಲ.)

ಮೈಸೂರಿನಿಂದ:

ವಿಸ್ತರಣ ಫಲಕ. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ಶಿವಮೊಗ್ಗದಿಂದ:

ಹೊಲಿಯುವ ಹೆಂಗಸರಿಗೆ ‘ಫಲಕ’ ಅಂದರೆ ಬಸ್ಸಿನ ಮೇಲಿನ ಊರಿನ ಹೆಸರು. ‘ಚಾಚುಹಲಗೆ’ ಅನ್ನಿ. ಚಾಚು ನಮ್ಮದು, ಹಲಗೆಯೂ ನಮ್ಮದು.

ಮೈಸೂರಿನಿಂದ:

ಹಲಗೆ ನಿಮ್ಮದು ಹೇಗಾಯಿತು? ಸಂಸ್ಕೃತದ ಫಲಕವೇ ಹಲಗೆ. ತದ್ಭವ.

ಶಿವಮೊಗ್ಗದಿಂದ:

ಸುಮ್ನೆ ಎಲ್ಲವನ್ನೂ ಸಂಸ್ಕೃತದ ಲೆಕ್ಕಕ್ಕೆ ಬರೆಯಬೇಡಿ. ಹಳಗನ್ನಡದಲ್ಲಿ ಪಲಗೆ, ತಮಿಳಿನಲ್ಲಿ ಪಲಗೈ. ಪಾಲು ಹಾಲಾದಂತೆ ಪಲಗೆ ಹಲಗೆಯಾಯಿತು. ನಮ್ಮ ಈ ನುಡಿಗಳಿಂದಲೇ ಸಂಸ್ಕೃತಕ್ಕೆ ಹೋಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಇನ್ನು ಯಾರೋ ‘ವಿಸ್ತರಣಾ ಹಲಗೆ’ ಎಂದು ರಾಜಿಗೆ ಬರುತ್ತಾರೆ, ಈಗಲೇ ಹೇಳಿಬಿಡುತ್ತೇನೆ: ಅದು ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಬೇಡ ಅಂದಿದ್ದಾನೆ.

ಹುಬ್ಬಳ್ಳಿಯಿಂದ:

ನಮ್ಮ ಕಡೆ ಹಲಗಿ ಅಂದರೆ ಮೊದಲು ನೆನಪಾಗುವುದು ಹೋಳಿ ಹಬ್ಬದಲ್ಲಿ ಬಾರಿಸುವ ಹಲಗಿ. ‘ಚಾಚುಹಲಗೆ’ಯನ್ನು ಇಲ್ಲಿ ಯಾರೂ ಬಾಯಲ್ಲಿ ಹಾಕಿಕೊಳ್ಳುವುದಿಲ್ಲ. ‘ಮೇಜು’ ಇರಲಿ.

ಮಂಗಳೂರಿನಿಂದ:

ಮೇಜು ಪೋರ್ಚುಗೀಸರ ‘ಮೇಝಾ’. ಪರಭಾಷೆಯದೇ ಆಗುವುದಾದರೆ ‘ಟೇಬಲ್’ ಮಾಡಿದ ತಪ್ಪೇನು?

ಹುಬ್ಬಳ್ಳಿಯಿಂದ:

ಮೇಜು ಪಾರ್ಸಿಯ ‘ಮೇಜ್’. ಉರ್ದುವಿನ ದಾರಿಯಲ್ಲಿ ಬಂತು. ಕರಾವಳಿಗೆ ಹಡಗಿನಲ್ಲಿ ಬಂದ ಪದಗಳನ್ನೆಲ್ಲ ಇಡೀ ನಾಡಿಗೆ ಹಚ್ಚಬೇಡಿ.

ಮಂಗಳೂರಿನಿಂದ:

ಹಚ್ಚುವುದೇನು ಬಂತು? ನಿಮ್ಮ ಅಂಗಿಯ ಕಾಜ ಪೋರ್ಚುಗೀಸರ ‘ಕಾಝಾ’. ಹೊಲಿಯುವ ದರ್ಜಿ ಪಾರ್ಸಿ, ಸೂಜಿ ಸಂಸ್ಕೃತದ ಸೂಚಿ. ಇವನ್ನೆಲ್ಲ ಬಿಟ್ಟು ಒಂದು ಅಂಗಿ ಹೊಲಿಸಿಕೊಂಡು ಬನ್ನಿ, ನೋಡೋಣ.

ಶಿವಮೊಗ್ಗದಿಂದ:

ದರ್ಜಿಗೆ ಮೊದಲು ‘ಚಿಪ್ಪಿಗ’ ಇದ್ದ. ಅವನನ್ನು ನಾವೇ ಮರೆತೆವು. ಬಂದದ್ದಕ್ಕೆಲ್ಲ ಬಾಗಿಲು ತೆಗೆದರೆ ಹೀಗೇ ಆಗುವುದು.

ಡಲ್ಲಾಸ್‌ನಿಂದ:

ಜಗಳದ ನಡುವೆ ಬರುತ್ತಿದ್ದೇನೆ, ಕ್ಷಮಿಸಿ. ನಾನು ಇಲ್ಲಿ ಕ್ವಿಲ್ಟ್ ಹೊಲಿಯುತ್ತೇನೆ. ಪದ ಯಾವುದೇ ಇರಲಿ, ಕೈಪಿಡಿಯಲ್ಲಿ ಎರಡು ಮಾತು ಬಿಡಬೇಡಿ. ಹಲಗೆ ಕೂಡಿಸುವ ಮೊದಲು ತೋಳಿಗೆ ಸಿಕ್ಕಿಸಿದ ಸಾಮಾನಿನ ಡಬ್ಬಿ ತೆಗೆಯಬೇಕು. ಆಮೇಲೆ ಕೂಡಿದ ಜಾಗದ ಮೇಲೆ ಅಂಗೈ ಸವರಿ ನೋಡಬೇಕು. ಬೆರಳಿಗೆ ಒಂದು ಗೆರೆಯಷ್ಟು ತಗ್ಗು ಸಿಕ್ಕರೂ ಕೌದಿಯ ಅಂಚು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಇನ್ನೊಂದು, ಬಾಬಿನ್ (ಕೆಳದಾರದ ಉರುಳೆ) ಮುಂದಿನಿಂದ ಹಾಕುವ ಮಿಷನ್ ಆದರೆ ದಾರ ಮುಗಿದಾಗ ಹಲಗೆ ಸರಿಸಬೇಕಾಗುತ್ತದೆ. ಅದನ್ನೂ ಬರೆಯಿರಿ.

ಯಲ್ಲಾಪುರದಿಂದ:

ನಮ್ಮಲ್ಲಿ ಸಿದ್ದಿ ಹೆಂಗಸರು ಇದೇ ಕೌದಿಯನ್ನು ಕವಂದಿ ಅನ್ನುತ್ತಾರೆ. ಕೈಯಲ್ಲೇ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಮೂಲೆಗೆ ಮಡಿಸಿದ ಬಟ್ಟೆಯ ‘ಫುಲ’ (ಹೂವು) ಇಡುತ್ತಾರೆ. ನೆಲದ ಮೇಲೆ ಕೂತು ಹೊಲಿಯುವವರಿಗೆ ಭಾರ ಜೋತು ಬೀಳುವ ತೊಂದರೆಯೇ ಇಲ್ಲ. ಭಾರವನ್ನೆಲ್ಲ ನೆಲ ಹೊರುತ್ತದೆ. ನಿಮ್ಮ ಹಲಗೆ ಮಾಡುತ್ತಿರುವುದು ಆ ನೆಲದ ಕೆಲಸ.

ಧಾರವಾಡದಿಂದ:

ಯಲ್ಲಾಪುರದವರ ಮಾತು ಓದಿ ಒಂದು ಗಳಿಗೆ ಸುಮ್ಮನೆ ಕೂತೆ. ನಾನು ‘ಎಕ್ಸ್‌ಟೆನ್ಷನ್’ ಅನ್ನುವುದನ್ನೇ ಹಿಡಿದುಕೊಂಡು ಚಾಚು, ಹಿಗ್ಗಿಸು, ವಿಸ್ತರಿಸು ಎಂದು ಹುಡುಕುತ್ತಿದ್ದೆ. ಮಾರುವವರಿಗೆ ಅದು ಮಿಷನ್ ಹಿಗ್ಗಿಸುವ ವಸ್ತು ಇರಬಹುದು. ಹೊಲಿಯುವವಳಿಗೆ ಅದು ಕೌದಿಯನ್ನು ಕೂರಿಸುವ ಜಾಗ.

ಇವತ್ತು ಬೆಳಿಗ್ಗೆ ತರಗತಿಯಲ್ಲಿ ಏನೂ ಹೇಳಿಕೊಡದೆ ಕೇಳಿಸಿಕೊಂಡೆ. ಹತ್ತು ಗಂಟೆಯ ಹೊತ್ತಿಗೆ ಹಿರಿಯರೊಬ್ಬರು ಪಕ್ಕದವಳಿಗೆ ಅಂದರು, ‘ಏ ತಂಗಿ, ಮೊದ್ಲ ಮಣಿ ಹಚ್ಚ, ಆಮ್ಯಾಲೆ ಕೌದಿ ತಗೋ.’ ಮಣೆ! ಊಟದ ಮಣೆ, ಶಾವಿಗೆ ಮಣೆ, ಲಟ್ಟಿಸುವ ಮಣೆ ಎಲ್ಲ ಅವರ ಮನೆಯಲ್ಲೇ ಇವೆ. ಅಗಲ ಹಲಗೆ, ಅಡಿಗೆ ಗಿಡ್ಡ ಕಾಲು. ಆ ವಸ್ತುವಿನ ಆಕಾರವೇ ಅದು. ತೆಗೆದಿಡುವುದು, ಮತ್ತೆ ಹಾಕುವುದು ಕೂಡ ಮಣೆಗೆ ಸಲ್ಲುವ ಮಾತೇ. ಮೇಜನ್ನು ಯಾರೂ ‘ಹಚ್ಚುವುದಿಲ್ಲ’.

‘ಹೊಲಿಗೆ ಮಣೆ’ ಎಂದು ಬರೆದಿದ್ದೇನೆ. ಅಂಗಡಿಯಲ್ಲಿ ಕೇಳಲು ಬೇಕಲ್ಲ, ಅದಕ್ಕೆ ಮೊದಲ ಪುಟದಲ್ಲಿ ಒಮ್ಮೆ ಮಾತ್ರ ‘ಎಕ್ಸ್‌ಟೆನ್ಷನ್ ಟೇಬಲ್’ ಇದೆ.

ಮೈಸೂರಿನಿಂದ:

ಮಣೆ ಅಡುಗೆಮನೆಯ ಪದ. ತಾಂತ್ರಿಕ ಬರಹಕ್ಕೆ ಸಲ್ಲದು.

ಧಾರವಾಡದಿಂದ:

ಸರ್, ಇದನ್ನು ಓದುವವರು ಅಡುಗೆಮನೆಯಿಂದಲೇ ಎದ್ದು ಬಂದು ಹೊಲಿಯುತ್ತಾರೆ. ಪದ ಬದಲಿಸುವುದಿಲ್ಲ. ಅಚ್ಚಿಗೆ ಹೋಗುವ ಸಾಲುಗಳು ಇವು, ಕಾಗುಣಿತ ತಪ್ಪಿದ್ದರೆ ಭಾನುವಾರ ರಾತ್ರಿಯೊಳಗೆ ತಿಳಿಸಿ:

‘ತೋಳಿನ ಡಬ್ಬಿ ತೆಗೆಯಿರಿ. ಹೊಲಿಗೆ ಮಣೆ ಕೂಡಿಸಿ. ಕಾಲು ತಿರುವಿ ಮಟ್ಟ ಮಾಡಿ. ಅಂಗೈ ಸವರಿ ನೋಡಿ. ತಗ್ಗು ಸಿಗದಿದ್ದರೆ ಕೌದಿ ಪೂರ್ತಿ ಮಣೆಯ ಮೇಲೆ ಬರುವಂತೆ ಸುತ್ತಿಡಿ, ಎಡಗಡೆ ಜೋತು ಬೀಳಲು ಬಿಡಬೇಡಿ.’

ಶಿವಮೊಗ್ಗದಿಂದ:

ಕಾಗುಣಿತ ಸರಿಯಿದೆ. ಮೇಜಿನ ಮೂಲದ ಬಗ್ಗೆ ಬೇರೆ ಎಳೆ ತೆರೆಯುತ್ತಿದ್ದೇನೆ, ಮಂಗಳೂರಿನವರು ಅಲ್ಲಿಗೆ ಬರಲಿ.