ಚಳಿ ಸೀಮೆಯ ನಾಟಿ ಕೋಳಿ ತಳಿ: ಜುಟ್ಟು ಕಪ್ಪಾಗಿದೆ, ಮರಿಗಳು ಚಿಪ್ಪಿನಲ್ಲೇ ಸಾಯುತ್ತಿವೆ

ಪ್ರಶ್ನೆ:
ಕೊರೆಯುವ ಚಳಿ, ಒಣ ಗಾಳಿಗೆ ಒಗ್ಗಿದ ನಾಟಿ ತಳಿ. 12 ಹೇಂಟೆ, 1 ಹುಂಜ. ರಾತ್ರಿ ಗೂಡಿನ ಕಿಂಡಿಗಳನ್ನೆಲ್ಲ ಮುಚ್ಚಿದರೂ ಹುಂಜದ ಜುಟ್ಟಿನ ತುದಿ ಕಪ್ಪಾಗಿದೆ. ಇನ್ಕ್ಯುಬೇಟರಿನಲ್ಲಿ ಮರಿ ಪೂರ್ತಿ ಬೆಳೆದೂ ಹೊರಬರದೆ ಸಾಯುತ್ತಿವೆ. ಬೆರಕೆಯಾಗದಂತೆ ತಳಿ ಉಳಿಸಲು ಇಷ್ಟು ಕೋಳಿ ಸಾಕೆ?

ಉತ್ತರ 1:
ಮುಚ್ಚಿದರೂ ಅಲ್ಲ, ಮುಚ್ಚಿದ್ದಕ್ಕೇ. ಉಸಿರಿನ ಮತ್ತು ಹಿಕ್ಕೆಯ ತೇವ ಒಳಗೇ ನಿಂತು ಜುಟ್ಟಿನ ಮೇಲೆ ಕೂರುತ್ತದೆ. ಒದ್ದೆ ಜುಟ್ಟು ಬೇಗ ಹೆಪ್ಪುಗಟ್ಟುತ್ತದೆ. ಹೊರಗಿನ ಒಣ ಗಾಳಿ ನಿಮಗೆ ವರವೇ, ಒಳಗೆ ಬಿಡಿ. ಕಿಂಡಿಗಳು ಸೂರಿನ ಕೆಳಗೆ, ಕೋಳಿಯ ತಲೆಗಿಂತ ಒಂದಡಿಯಾದರೂ ಮೇಲಿರಲಿ. ಗಾಳಿ ನೇರವಾಗಿ ಮೈಗೆ ಹೊಡೆಯಬಾರದು. ಬೆಳಗ್ಗೆ ಗೋಡೆಯಲ್ಲಿ ಹನಿ ಕಂಡರೆ, ಮೂಗಿಗೆ ಅಮೋನಿಯಾ ಹೊಡೆದರೆ ಕಿಂಡಿ ಸಾಲದು. ಕೂರಲು 9–10 ಸೆಂ.ಮೀ. ಅಗಲದ ಚಪ್ಪಟೆ ಪಟ್ಟಿ ಕೊಡಿ, ಆಗ ಹೊಟ್ಟೆಯ ಗರಿ ಬೆರಳುಗಳನ್ನು ಮುಚ್ಚುತ್ತದೆ. ಕಪ್ಪಾದ ತುದಿಯನ್ನು ತಿಕ್ಕಬೇಡಿ, ಕತ್ತರಿಸಬೇಡಿ.

ಉತ್ತರ 2:
ಮರಿ ಸಾಯುವುದಕ್ಕೆ ಕಾರಣ ಬಹುಶಃ ಅದೇ ಒಣ ಗಾಳಿ. ತಣ್ಣನೆಯ ಗಾಳಿ 37.5 ಡಿಗ್ರಿಗೆ ಬಿಸಿಯಾದಾಗ ಅದರ ತೇವಾಂಶ ತೀರಾ ಕೆಳಗಿಳಿಯುತ್ತದೆ. ತೇವಾಂಶ ಮಾಪಕವನ್ನು ಪೂರ್ತಿ ನಂಬಬೇಡಿ, ಮೊಟ್ಟೆ ತೂಗಿ. 18ನೇ ದಿನಕ್ಕೆ ತೂಕ ಶೇ. 11–13 ಇಳಿದಿರಬೇಕು, 45 ಗ್ರಾಂ ಮೊಟ್ಟೆಯಾದರೆ ಐದರಿಂದ ಆರು ಗ್ರಾಂ. ಹೆಚ್ಚು ಇಳಿಯುತ್ತಿದ್ದರೆ ನೀರಿನ ತಟ್ಟೆ ಅಗಲವಾಗಲಿ. ಆಳ ಹೆಚ್ಚಿಸಿ ಪ್ರಯೋಜನವಿಲ್ಲ. 18ರ ನಂತರ ತಿರುಗಿಸುವುದು ನಿಲ್ಲಿಸಿ, ತೇವಾಂಶ ಶೇ. 65–70ಕ್ಕೆ ಏರಿಸಿ, ಮುಚ್ಚಳ ಪದೇಪದೇ ತೆಗೆಯಬೇಡಿ. ಸತ್ತ ಮರಿಯ ಮೇಲೆ ಪೊರೆ ಒಣಗಿ ಅಂಟಿದ್ದರೆ ತೇವ ಕಡಿಮೆ. ಮರಿ ಊದಿಕೊಂಡು ಒದ್ದೆಯಾಗಿದ್ದರೆ ತದ್ವಿರುದ್ಧ.

ಉತ್ತರ 3:
12 ಹೇಂಟೆ ತೊಂದರೆಯಲ್ಲ, ಒಂದೇ ಹುಂಜ ತೊಂದರೆ. ವಂಶಕ್ಕೆ ನಿಜವಾಗಿ ಎಷ್ಟು ಕೋಳಿ ಇದ್ದಂತೆ ಎಂಬ ಲೆಕ್ಕ ಹೀಗೆ: 4 × ಹುಂಜ × ಹೇಂಟೆ ÷ ಒಟ್ಟು. ನಿಮ್ಮದು 48 ÷ 13, ಅಂದರೆ ವಂಶದ ದೃಷ್ಟಿಯಲ್ಲಿ ನಾಲ್ಕು ಕೋಳಿಯೂ ಇಲ್ಲ, ಪೀಳಿಗೆಗೆ ಶೇ. 13.5ರಷ್ಟು ಒಳಸಂಬಂಧ (ರಕ್ತಸಂಬಂಧಿಗಳೇ ಕೂಡುವುದು) ಏರುತ್ತದೆ. ಅದೇ ಹೇಂಟೆಗಳಿಗೆ 4 ಹುಂಜ ಇಟ್ಟರೆ ಶೇ. 4ರ ಆಸುಪಾಸು. ಚಿಪ್ಪಿನಲ್ಲಿ ಮರಿ ಸಾಯಲು ಇದೂ ಕಾರಣವಾಗಬಹುದು, ತೇವಾಂಶವನ್ನೊಂದೇ ದೂರಬೇಡಿ.

ಹುಂಜಗಳನ್ನು ಅದೇ ತಳಿಯ, ಬೇರೆ ಹಿಂಡುಗಳಿಂದ ತನ್ನಿ. ಮೂರು ಗುಂಪು ಮಾಡಿ, ಹೆಣ್ಣುಮರಿಗಳು ತಾಯಿಯ ಗುಂಪಿನಲ್ಲೇ ಉಳಿಯಲಿ. ಗಂಡುಮರಿಗಳು ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ, ಮೂರರಿಂದ ಒಂದಕ್ಕೆ. ಕಾಲಿಗೆ ಬಣ್ಣದ ಉಂಗುರ ಹಾಕದಿದ್ದರೆ ಎರಡನೇ ವರ್ಷಕ್ಕೇ ಎಲ್ಲ ಕಲಸುಮೇಲೋಗರ.

ಬಣ್ಣ ನೋಡಿ ಆರಿಸಬೇಡಿ. ನಾಟಿ ತಳಿಯಲ್ಲಿ ಬಣ್ಣದ ವೈವಿಧ್ಯ ಇರುವುದೇ ಸರಿ. ಚಳಿಗಾಲ ದಾಟಿ, ಮೈತೂಕ ಉಳಿಸಿಕೊಂಡು, ತಾನೇ ಕಾವು ಕೂತು ಮರಿ ಸಾಕುವ ಹೇಂಟೆಯ ಸಂತಾನ ಇಟ್ಟುಕೊಳ್ಳಿ. ಎಲ್ಲವನ್ನೂ ಯಂತ್ರದಲ್ಲೇ ಮರಿ ಮಾಡಿಸಿದರೆ ಆ ಕಾವಿನ ಗುಣದ ಮೇಲೆ ಆಯ್ಕೆಯೇ ನಡೆಯದು.