ಸಿ ಡ್ರೈವ್ ತುಂಬಿದೆ, ಜಾಗ ತಿಂದಿರುವ ಫೈಲ್ ಹುಡುಕುವುದು ಹೇಗೆ?

ಪ್ರಶ್ನೆ: ವಿಂಡೋಸ್ 11, 256 ಜಿಬಿ ಎಸ್‌ಎಸ್‌ಡಿ. ಸಿ ಡ್ರೈವ್ ಕೆಂಪಾಗಿದೆ. ಎಲ್ಲ ಫೋಲ್ಡರ್ ಆಯ್ದು ಪ್ರಾಪರ್ಟೀಸ್ ನೋಡಿದರೆ 150 ಜಿಬಿಯೂ ಆಗುವುದಿಲ್ಲ. ಉಳಿದದ್ದು ಎಲ್ಲಿದೆ? ಏನನ್ನು ಅಳಿಸಬಹುದು?

ಉತ್ತರ 1: ಯಾವ ಫೈಲ್ ಎಷ್ಟು ಜಾಗ ತಿಂದಿದೆ ಎಂದು ತೋರಿಸುವ ವಿಜ್‌ಟ್ರೀ ತಂತ್ರಾಂಶ ಹಾಕಿಕೊಂಡು, ರೈಟ್ ಕ್ಲಿಕ್ ಮಾಡಿ 'ರನ್ ಆಸ್ ಅಡ್ಮಿನಿಸ್ಟ್ರೇಟರ್' ಕೊಟ್ಟೇ ತೆರೆಯಿರಿ. ಅದು ಒಂದೊಂದೇ ಫೋಲ್ಡರ್ ಹೊಕ್ಕು ನೋಡುವುದಿಲ್ಲ, ಎನ್‌ಟಿಎಫ್‌ಎಸ್‌ನ ಮಾಸ್ಟರ್ ಫೈಲ್ ಟೇಬಲನ್ನು (ವಿಂಡೋಸ್ ಡ್ರೈವಿನ ಎಲ್ಲ ಫೈಲುಗಳ ಪಟ್ಟಿ) ನೇರವಾಗಿ ಓದುತ್ತದೆ. ಅದಕ್ಕೇ ಅಷ್ಟು ವೇಗ. ಪ್ರಾಪರ್ಟೀಸ್ ಲೆಕ್ಕಕ್ಕೆ ಅಡಗಿಸಿಟ್ಟ ಸಿಸ್ಟಂ ಫೈಲುಗಳೂ ನಿಮ್ಮ ಖಾತೆಗೆ ಅನುಮತಿಯಿಲ್ಲದ ಫೋಲ್ಡರುಗಳೂ ಸಿಗುವುದಿಲ್ಲ. ನಿಮಗೆ ಕಾಣೆಯಾದ ಜಾಗದ ಬಹುಪಾಲು ಅಲ್ಲೇ ಇರಬೇಕು.

ಉತ್ತರ 2: ಹೊಸ ತಂತ್ರಾಂಶ ಬೇಡವೆಂದರೆ ಫೈಲ್ ಎಕ್ಸ್‌ಪ್ಲೋರರ್ ಸಾಕು. ಸಿ ಡ್ರೈವ್ ತೆರೆದು, ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ 'size:>1GB' ಎಂದು ಸ್ಪೇಸ್ ಬಿಡದೆ ಟೈಪ್ ಮಾಡಿ. ಬಂದ ಪಟ್ಟಿಯನ್ನು ಗಾತ್ರದ ಪ್ರಕಾರ ಜೋಡಿಸಿ. ಆದರೆ ಸಾವಿರಾರು ಸಣ್ಣ ಫೈಲು ಸೇರಿ ಹತ್ತಾರು ಜಿಬಿ ಆಗಿದ್ದರೆ ಇದು ತೋರಿಸದು. ಬ್ರೌಸರ್ ಕ್ಯಾಶ್ (ನೋಡಿದ ಪುಟಗಳಿಂದ ಬ್ರೌಸರ್ ಉಳಿಸಿಟ್ಟ ಫೈಲುಗಳು) ಅಂಥದ್ದೇ. ಅದಕ್ಕೆ ಫೋಲ್ಡರ್ ಮೊತ್ತವನ್ನೇ ನೋಡಬೇಕು.

ಉತ್ತರ 3: ದೊಡ್ಡದು ಕಂಡ ತಕ್ಷಣ ಡಿಲೀಟ್ ಒತ್ತಬೇಡಿ, ದಯವಿಟ್ಟು. ಸಿ ಡ್ರೈವಿನ ಬುಡದಲ್ಲೇ 'ಹೈಬರ್‌ಫಿಲ್' ಎಂಬ ಫೈಲ್ ಹಲವು ಜಿಬಿ ಇರುತ್ತದೆ. ರ‍್ಯಾಮ್ ಹೆಚ್ಚಿದ್ದಷ್ಟೂ ಅದೂ ದೊಡ್ಡದು. ಹೈಬರ್ನೇಟ್ (ತೆರೆದ ಕೆಲಸವನ್ನೆಲ್ಲ ಈ ಫೈಲಿನಲ್ಲಿ ಉಳಿಸಿ ಕಂಪ್ಯೂಟರ್ ಆರಿಸುವುದು) ಬಳಸದಿದ್ದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ 'powercfg /h off' ಕೊಡಿ (ಇದನ್ನೂ ಇಂಗ್ಲಿಷಿನಲ್ಲೇ), ಫೈಲ್ ತಾನೇ ಹೋಗುತ್ತದೆ. ಜೊತೆಗೆ ಕಂಪ್ಯೂಟರ್ ಬೇಗ ಆನ್ ಆಗುವಂತೆ ಮಾಡುವ ಫಾಸ್ಟ್ ಸ್ಟಾರ್ಟಪ್ ಕೂಡ ನಿಲ್ಲುತ್ತದೆ, ಅದು ನೆನಪಿರಲಿ. 'ಪೇಜ್‌ಫೈಲ್' ಮುಟ್ಟಬೇಡಿ, ಮೆಮೊರಿ ಸಾಲದಾಗ ವಿಂಡೋಸ್ ಬಳಸುವ ಫೈಲ್ ಅದು.

ವಿಂಡೋಸ್ ಒಳಗಿನ 'ವಿನ್‌ಎಸ್‌ಎಕ್ಸ್‌ಎಸ್' ಫೋಲ್ಡರ್ ಹೆದರಿಸುವಷ್ಟು ದೊಡ್ಡದಾಗಿ ಕಾಣುತ್ತದೆ. ಅಲ್ಲಿನ ಎಷ್ಟೋ ಫೈಲು ಹಾರ್ಡ್ ಲಿಂಕ್ (ಒಂದೇ ಫೈಲಿಗೆ ಇನ್ನೊಂದು ಹೆಸರು) ಮೂಲಕ ಬೇರೆ ಫೋಲ್ಡರಿನಲ್ಲೂ ಕಾಣುವುದರಿಂದ ಎಕ್ಸ್‌ಪ್ಲೋರರ್ ಅವನ್ನು ಎರಡೆರಡು ಸಲ ಎಣಿಸುತ್ತದೆ. ಕೈಯಾರೆ ಅಳಿಸಿದರೆ ವಿಂಡೋಸ್ ಕೆಡುತ್ತದೆ. ಡಿಸ್ಕ್ ಕ್ಲೀನಪ್ ತೆರೆದು 'ಕ್ಲೀನಪ್ ಸಿಸ್ಟಂ ಫೈಲ್ಸ್' ಒತ್ತಿ. ಹಳೆಯ ಅಪ್‌ಡೇಟುಗಳೂ ಹಿಂದಿನ ವಿಂಡೋಸ್ ಆವೃತ್ತಿಯೂ ಅಲ್ಲೇ ಸುರಕ್ಷಿತವಾಗಿ ಹೋಗುತ್ತವೆ. ಹಿಂದಿನ ಆವೃತ್ತಿ ಅಳಿಸಿದ ಮೇಲೆ ಅದಕ್ಕೆ ಮರಳಲಾಗದು.

ಉತ್ತರ 4: ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಕ್ಲೌಡ್ ಸಂಗ್ರಹ) ಇದ್ದರೆ ಪ್ರಾಪರ್ಟೀಸ್‌ನಲ್ಲಿ 'ಸೈಜ್' ಬಿಟ್ಟು 'ಸೈಜ್ ಆನ್ ಡಿಸ್ಕ್' ನೋಡಿ. ಮೋಡದ ಗುರುತಿರುವ ಫೈಲು ಡಿಸ್ಕಿನಲ್ಲಿ ಹೆಚ್ಚುಕಡಿಮೆ ಜಾಗವನ್ನೇ ಹಿಡಿಯುವುದಿಲ್ಲ. ಅದನ್ನು ಅಳಿಸಿದರೆ ಇಲ್ಲಿ ಜಾಗ ಸಿಗದು, ಕ್ಲೌಡಿನಿಂದ ಮಾತ್ರ ಹೋಗುತ್ತದೆ. ಡಿಸ್ಕಿನಲ್ಲೂ ಪ್ರತಿ ಇರುವ ಹಸಿರು ಗುರುತಿನ ಫೈಲಿಗೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಕೊಡುವುದೇ ಸರಿ.

ಉತ್ತರ 5: ಐಫೋನ್ ಬ್ಯಾಕಪ್ ಇದೆಯೇ ನೋಡಿ, 'ಮೊಬೈಲ್‌ಸಿಂಕ್' ಎಂಬ ಫೋಲ್ಡರಿನಲ್ಲಿರುತ್ತದೆ. ಅಳಿಸಿದ ಮೇಲೂ ಜಾಗ ಹೆಚ್ಚದಿದ್ದರೆ ರೀಸೈಕಲ್ ಬಿನ್ ಖಾಲಿ ಮಾಡಿ.