ಮರು: ಥಿಯಾಸಫಿಗೆ ಕನ್ನಡದಲ್ಲಿ ಏನನ್ನೋಣ? ಬೋರ್ಡ್ ಬರೆಸಬೇಕು, ತುರ್ತು

ಮಂಡ್ಯದ ಮೇಡಂ ಅವರಿಗೆ ನಮಸ್ಕಾರ,

> ಶನಿವಾರ ಬೋರ್ಡ್ ಬರೆಯುವವರು ಬರುತ್ತಾರೆ. 'ಬ್ರಹ್ಮವಿದ್ಯಾ ಸಮಾಜ' ಅನ್ನಲೇ, 'ಥಿಯಾಸಫಿ ಲಾಡ್ಜ್' ಅನ್ನಲೇ? ಗುರುವಾರದ ಜೂಮ್ ಓದಿಗೂ ಅದೇ ಹೆಸರು ಇಡಬೇಕು.

ಎರಡೂ ಬೇಡ. ಥಿಯಾಸಫಿ, ಅಂದರೆ ಎಲ್ಲ ಧರ್ಮಗಳ ತಿರುಳನ್ನು ಹುಡುಕುವ ಪಂಥ, ಅದನ್ನು ಓದುವ ಬಳಗ ನಿಮ್ಮದು. 'ಥಿಯಾಸಫಿ ಓದುಬಳಗ, ಮಂಡ್ಯ' ಎಂದು ಬರೆಸಿ. ಅವಸರದಲ್ಲಿದ್ದರೆ ಇಷ್ಟು ಸಾಕು, ಉಳಿದದ್ದು ಆಮೇಲೆ ಓದಿ. ನಡುವೆ ಬೇರೆ ಗೆಳೆಯರ ಮಾತಿಗೂ ಉತ್ತರಿಸಿದ್ದೇನೆ.

ಲಾಡ್ಜ್ ಅನ್ನು ಮೊದಲು ಬಿಡಿ. ಥಿಯಾಸಫಿಯವರು, ಫ್ರೀಮೇಸನ್ ಎಂಬ ಹಳೆಯ ಸಂಘದವರು ತಮ್ಮ ಶಾಖೆಗೆ ಹಾಗೆ ಹೇಳುವುದು ನಿಜ. ಆದರೆ ನಮ್ಮಲ್ಲಿ ಲಾಡ್ಜ್ ಅಂದರೆ ಬಾಡಿಗೆ ರೂಮು, ಅಷ್ಟೇ. ರಾತ್ರಿ ಹತ್ತು ಗಂಟೆಗೆ ಬ್ಯಾಗ್ ಹಿಡಿದು ಬಂದವರು 'ಡಬಲ್ ರೂಮ್ ಇದ್ಯಾ?' ಎಂದು ಬಾಗಿಲು ಬಡಿಯುತ್ತಾರೆ.

ಬ್ರಹ್ಮವಿದ್ಯೆ ಹಾಗಲ್ಲ, ಒಳ್ಳೆಯ ಪದವೇ. ಮುಂಡಕ ಉಪನಿಷತ್ತು ಶುರುವಾಗುವುದೇ ಅದರಿಂದ. ಚೆನ್ನೈನ ಅಡ್ಯಾರಿನಲ್ಲಿರುವ ಥಿಯಾಸಫಿಕಲ್ ಸೊಸೈಟಿಯ ಕೇಂದ್ರದವರಿಗೂ ಅದು ಒಪ್ಪಿಗೆಯಾದ ಪದ. ಅಲ್ಲಿನ ಗ್ರಂಥಾಲಯದ ಪತ್ರಿಕೆಗೆ 1937ರಿಂದ ಅದೇ ಹೆಸರಿದೆ. ತಮಿಳಿನಲ್ಲಿ ಬ್ರಹ್ಮಜ್ಞಾನ ಸಭೆ, ತೆಲುಗಿನಲ್ಲಿ ದಿವ್ಯಜ್ಞಾನ ಸಮಾಜ. ನಿಮಗೆ ತೊಡಕು ಎರಡು ಕಡೆ. ಒಂದು, 'ಸಮಾಜ' ಸೇರಿಸಿದ ಕೂಡಲೇ ಅಡ್ಯಾರಿನ ಶಾಖೆ ಅಂತ ಆಗುತ್ತದೆ. ನೀವು ಯಾರ ಶಾಖೆಯೂ ಅಲ್ಲ ಎಂದು ನೀವೇ ಬರೆದಿದ್ದೀರಿ. ಎರಡು, ಆಡುಮಾತಿನಲ್ಲಿ ಬ್ರಹ್ಮವಿದ್ಯೆ ಅಂದರೆ ಸುಲಭಕ್ಕೆ ಕೈಗೆಟುಕದ್ದು. 'ಸಾರು ಮಾಡೋದೇನು ಬ್ರಹ್ಮವಿದ್ಯೆನಾ?' ಅನ್ನುತ್ತೇವಲ್ಲ. ಹೊಸಬರು ಬರಲಿ ಎಂದು ಹಾಕುವ ಬೋರ್ಡು ಅವರನ್ನು ಹೆದರಿಸಬಾರದು.

> ಥಿಯೊಸ್ ನಮ್ಮ 'ದೇವ'ವೇ. ಗ್ರೀಕರು ಉಚ್ಚಾರ ಕೆಡಿಸಿಕೊಂಡರು. ಹಾಗಾಗಿ 'ದೇವಶುಭಿ'ಯೇ ಮೂಲ.

ಅಲ್ಲ. ಥಿಯಾಸಫಿ ಗ್ರೀಕಿನ ಥಿಯೊಸ್ (ದೇವರು), ಸೋಫಿಯಾ ಎರಡೂ ಸೇರಿ ಆದ ಪದ ನಿಜ. ಆದರೆ 'ದೇವ'ಕ್ಕೆ ನೆಂಟ ಲ್ಯಾಟಿನ್ನಿನ ದೇಉಸ್. ಗ್ರೀಕಿನಲ್ಲಿ ಅದರ ಬಳಗದ್ದು ಜೀಯಸ್ ಎಂಬ ಹೆಸರು. ಥಿಯೊಸ್ ಬೇರೆಯೇ ಬೇರಿನದು. ಕಿವಿಗೆ ಒಂದೇ ಥರ ಕೇಳಿಸಿದ್ದಕ್ಕೆಲ್ಲ ನೆಂಟಸ್ತಿಕೆ ಕಟ್ಟಬೇಡಿ ಮೇಷ್ಟ್ರೇ. ಸೋಫಿಯಾ ಅಂದರೆ ವಿವೇಕ, ಶುಭಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಇಡೀ ಪದವೂ 1875ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ್ದಲ್ಲ. ಬ್ಲಾವಟ್‌ಸ್ಕಿ, ಆಲ್ಕಾಟ್, ಜಡ್ಜ್ ಸೇರಿ ಥಿಯಾಸಫಿಕಲ್ ಸೊಸೈಟಿ ಕಟ್ಟುವ ಹೊತ್ತಿಗೆ ಅದು ತುಂಬ ಹಳೆಯದು. ಮೂರನೇ ಶತಮಾನದ ತತ್ತ್ವಜ್ಞಾನಿ ಪೋರ್ಫಿರಿಯ ಬರಹದಲ್ಲೇ ಇದೆ.

> ಅಚ್ಚಗನ್ನಡದಲ್ಲಿ 'ದೇವರರಿವು' ಅನ್ನಿ. ಕನ್ನಡದ ಬೋರ್ಡಿನಲ್ಲಿ ಗ್ರೀಕ್ ಯಾಕೆ?

'ದೇವರು' ಎಲ್ಲಿಂದ ಬಂತು ಸ್ವಾಮಿ? ಅದೂ ಸಂಸ್ಕೃತದ್ದೇ. ಅರಿವು ಮಾತ್ರ ನಮ್ಮದು. ಸಂಸ್ಕೃತದ ಪದಗಳನ್ನು ಹಾಗೇ ತರುವುದಿಲ್ಲ ಎಂದು ಹಟ ಹಿಡಿದು ಕಾವ್ಯ ಬರೆದ ಆಂಡಯ್ಯನೂ ತದ್ಭವಗಳನ್ನು ಬಿಡಲಿಲ್ಲ. ಅವನಿಗಿಂತ ಬಿಗಿಯಾಗಲು ಹೊರಟರೆ 'ಮಂಡ್ಯ ಜಿಲ್ಲೆ' ಅನ್ನುವಂತೆಯೂ ಇಲ್ಲ. ಜಿಲ್ಲೆ ಅರಬ್ಬಿಯದು, ತಾಲ್ಲೂಕೂ ಅರಬ್ಬಿಯದು.

ಅದಕ್ಕಿಂತ ದೊಡ್ಡ ತಪ್ಪು ಅರ್ಥದ್ದು. ದೇವರರಿವು ಅಂದರೆ ದೇವರನ್ನು ಅರಿಯುವುದು ಎಂದೇ ಜನ ತಿಳಿಯುತ್ತಾರೆ. ಬ್ಲಾವಟ್‌ಸ್ಕಿ 1889ರಲ್ಲಿ ಇದನ್ನೇ ಬಿಡಿಸಿ ಹೇಳಿದ್ದರು: ದೇವರ ಬಗೆಗಿನ ಜ್ಞಾನವಲ್ಲ, ದೇವತೆಗಳಿಗಿರುವಂಥ ದಿವ್ಯ ಜ್ಞಾನ.

ಶಿವಮೊಗ್ಗದ ಗೆಳೆಯರು ಸೂಚಿಸಿದ 'ಅನುಭಾವ ಕೂಟ' ನನಗೆ ಪ್ರಾಣಪ್ರಿಯವಾದ ಪದ. ಅದಕ್ಕೇ ಇಲ್ಲಿ ಬೇಡ ಅನ್ನುತ್ತೇನೆ. ಅನುಭಾವ ಶರಣರದ್ದು. ತಾನೇ ಉಂಡು, ತಾನೇ ಕಂಡು ಹೇಳುವ ಮಾತು ಅದು. ಥಿಯಾಸಫಿಯಲ್ಲಿ ಓದು ಜಾಸ್ತಿ: ಮನುಷ್ಯನ ಏಳು ತತ್ತ್ವಗಳು, ಕರ್ಮ, ಪುನರ್ಜನ್ಮ, ಧರ್ಮಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು. ಎರಡನ್ನೂ ಬೆರೆಸಿದರೆ ಅಲ್ಲಮನಿಗೂ ಅನ್ಯಾಯ, ಬ್ಲಾವಟ್‌ಸ್ಕಿಗೂ ಅನ್ಯಾಯ. 'ಸತ್ಸಂಗ'ವೂ ಬೇಡ. ಈಗ ಯೂಟ್ಯೂಬಿನಲ್ಲಿ ಭಜನೆ, ಪ್ರವಚನ, ಯೋಗದ ಕ್ಲಾಸು ಎಲ್ಲಕ್ಕೂ ಸತ್ಸಂಗ ಅನ್ನುತ್ತಾರೆ. ಅದನ್ನು ನೋಡಿ ಬಂದವರು ಎದುರಿಗೆ ಒಬ್ಬ ಗುರು ಕೂತಿರಬೇಕು ಅಂದುಕೊಳ್ಳುತ್ತಾರೆ. ನಿಮ್ಮಲ್ಲಿ ಜಿಡ್ಡು ಕೃಷ್ಣಮೂರ್ತಿಯವರನ್ನು ಓದುವವರೂ ಇದ್ದಾರೆ ಎಂದಿರಿ. ತಮ್ಮನ್ನು ಜಗದ್ಗುರು ಮಾಡಲೆಂದೇ ಇದ್ದ ಸಂಘವನ್ನು 1929ರಲ್ಲಿ ಹಾಲೆಂಡಿನ ಓಮ್ಮೆನ್‌ನಲ್ಲಿ ತಾವೇ ವಿಸರ್ಜಿಸಿದವರು ಅವರು. ಅವರ ಓದುಗರನ್ನು ಸತ್ಸಂಗ ಎಂದು ಕರೆದು ಕೂರಿಸುವುದು ಹೇಗೆ? 'ಗುಪ್ತವಿದ್ಯೆ'ಯಂತೂ ಬೋರ್ಡಿನ ಹತ್ತಿರಕ್ಕೂ ಬರಬಾರದು. ಮಾಟ ಮಂತ್ರದವರು ಎಂದು ಊರೆಲ್ಲ ಸುದ್ದಿಯಾಗುತ್ತದೆ.

ಥಿಯಾಸಫಿ ಒಂದು ಪಂಥದ ಹೆಸರು. ಹೆಸರನ್ನು ಹೆಸರಾಗಿಯೇ ಇಡಿ. ಜೂಮ್ ಓದಿಗೆ ಇದು ಇನ್ನೂ ಮುಖ್ಯ. ಆಸಕ್ತಿ ಇರುವವರು ಮೊಬೈಲಿನಲ್ಲಿ ಥಿಯಾಸಫಿ ಎಂದೇ ಹುಡುಕುತ್ತಾರೆ, ದೇವರರಿವು ಎಂದು ಯಾರೂ ಹುಡುಕುವುದಿಲ್ಲ. 'ಬಳಗ' ಅಂದರೆ ಎದುರು ಕೂತವರೂ ಆಗುತ್ತದೆ, ದೂರದ ಊರಿಂದ ಪರದೆಯಲ್ಲಿ ಬಂದವರೂ ಆಗುತ್ತದೆ. ಕೂಟಕ್ಕೆ ಒಂದೆಡೆ ಕೂಡಬೇಕು, ಬಳಗಕ್ಕೆ ಬೇಕಿಲ್ಲ.

> ಇಂಥ ಹೊರಗಿನ ಪಂಥಗಳಿಂದಲೇ ಕನ್ನಡ ಕೆಟ್ಟಿದ್ದು.

ಮೈಸೂರಿನಲ್ಲಿ ಕೂತು ಈ ಮಾತು ಕೇಳಿ ಸುಮ್ನಿರಲು ನನಗೆ ಆಗುವುದಿಲ್ಲ. 1924ರಲ್ಲಿ ಇದೇ ಊರಿನಲ್ಲಿ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಜೇಮ್ಸ್ ಕಸಿನ್ಸ್ ಅವರಿಗೆ ತೋರಿಸಿದರು. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದು ತಿದ್ದಿದವರು ಕಸಿನ್ಸ್. ಅವರು ಐರಿಷ್ ಕವಿ. ಅಪ್ಪಟ ಥಿಯಾಸಫಿಸ್ಟ್ ಕೂಡ. ಆಗ ಸೊಸೈಟಿಯ ಅಧ್ಯಕ್ಷೆಯಾಗಿದ್ದ ಆನಿ ಬೆಸೆಂಟ್ ಅವರ ಕರೆಗೆ ಇಂಡಿಯಾಕ್ಕೆ ಬಂದವರು. ಕನ್ನಡಕ್ಕೆ ಆ ಪಂಥದವರೊಬ್ಬರಿಂದ ಆದ ಉಪಕಾರ ಇದು. ಒಂದು ಪದ ಎರವಲು ತಂದರೆ ಭಾಷೆ ಕೆಡುವುದಿಲ್ಲ. ನಮ್ಮಲ್ಲಿ ಒಳ್ಳೆಯ ಪದ ಇದ್ದೂ ಬಳಸದಿದ್ದರೆ ಕೆಡುತ್ತದೆ.

ಅಂಥ ಪದವೊಂದು ನಿಮ್ಮ ಎರಡನೇ ಪ್ರಶ್ನೆಯಲ್ಲೇ ಇದೆ.

> ಸೊಸೈಟಿಯ ಮೊದಲ ಧ್ಯೇಯವನ್ನು ಕರಪತ್ರಕ್ಕೆ ಹಾಕಬೇಕು. 'ವಿಶ್ವಭ್ರಾತೃತ್ವ' ಸರಿಯೇ?

ನಾಲಿಗೆ ತೊಡರುತ್ತದೆ. ಅದಿರಲಿ, ಅದರಲ್ಲಿ ಅಣ್ಣತಮ್ಮಂದಿರು ಮಾತ್ರ ಇದ್ದಾರೆ. ಆ ಧ್ಯೇಯದಲ್ಲಿ ಜನಾಂಗ, ಮತ, ಜಾತಿ, ಬಣ್ಣದ ಜೊತೆಗೆ ಹೆಣ್ಣು ಗಂಡೆಂಬ ಭೇದವೂ ಬೇಡ ಎಂದಿದೆ. ಕನ್ನಡದಲ್ಲಿ 'ಒಡಹುಟ್ಟಿದವರು' ಇದೆಯಲ್ಲ! ಅಕ್ಕ, ಅಣ್ಣ, ತಂಗಿ, ತಮ್ಮ ಎಲ್ಲರೂ ಬಂದರು. 'ಮನುಷ್ಯರೆಲ್ಲ ಒಡಹುಟ್ಟಿದವರು. ಜನಾಂಗ, ಮತ, ಜಾತಿ, ಬಣ್ಣ, ಹೆಣ್ಣು ಗಂಡೆಂಬ ಭೇದ ಇಲ್ಲಿಲ್ಲ' ಎಂದು ಹಾಕಿ. ಅಚ್ಚಗನ್ನಡದ ಗೆಳೆಯರು ಇಂಥ ಕಡೆ ಕೈ ಜೋಡಿಸಿದರೆ ನಾನು ಅವರ ಪಕ್ಷ.

ಬೋರ್ಡಿಗೆ ಇನ್ನೊಂದು. 'ಥಿ' ಬರೆಯುವಾಗ ಹೊಟ್ಟೆಯೊಳಗಿನ ಚುಕ್ಕೆ ಬಿಟ್ಟರೆ 'ಧಿಯಾಸಫಿ' ಆಗುತ್ತದೆ. ದಪ್ಪ ಬ್ರಶ್ಶಿನಲ್ಲಿ ಆ ಚುಕ್ಕೆ ಮುಚ್ಚಿಹೋಗುವುದೂ ಉಂಟು. ಮೊದಲು ಚಾಕ್‌ಪೀಸಿನಲ್ಲಿ ಬರೆಸಿ, ನೋಡಿ, ಆಮೇಲೆ ಬಣ್ಣ ಹಚ್ಚಲು ಹೇಳಿ. 'ಫಿ'ಗೆ ಕೆಳಗೆ ಎರಡು ಚುಕ್ಕೆ ಬೇಕಿಲ್ಲ.